ಬೇವಿಗೆ ಪೆಟ್ಟಾಗದಂತೆ ಸುಬಾಬುಲ್ ಬೊಡ್ಡೆ ತೆಗೆಯುವುದು ಹೇಗೆ?

ಪ್ರಶ್ನೆ: ಆಳಂದ ತಾಲ್ಲೂಕಿನ ಎರೆ ಭೂಮಿಯಲ್ಲಿ ನಮ್ಮ ಹೊಲದ ಮನೆ ಇದೆ. ಅಂಗಳದಲ್ಲಿ ತಂದೆಯವರು ನೆಟ್ಟ ದೊಡ್ಡ ಬೇವಿನ ಮರವಿದ್ದು, ಅದರ ಸುತ್ತಳತೆ ಐದು ಅಡಿ. ಅದರಿಂದ ಆರು ಅಡಿ ದೂರದಲ್ಲಿ ಹೋದ ವರ್ಷ ಕಡಿಸಿದ ಸುಬಾಬುಲ್ ಮರದ ಬೊಡ್ಡೆ ಉಳಿದಿದೆ. ಅದರ ಸುತ್ತಳತೆ ಮೂರು ಅಡಿ, ಎತ್ತರ ಎರಡು ಅಡಿ. ಮಳೆ ಬಿದ್ದಾಗಲೆಲ್ಲ ಚಿಗುರುತ್ತದೆ. ಅಂಗಳದ ಇನ್ನೊಂದು ಬದಿಯಲ್ಲಿ ದಾರಿಗಾಗಿ ಅನುಮತಿ ಪಡೆದು ಕಡಿಸಿದ ಬೇವಿನ ಬೊಡ್ಡೆ ಇದೆ; ಅದರ ಹತ್ತು ಅಡಿ ಆಚೆ ಮತ್ತೊಂದು ಬೇವು ನಿಂತಿದೆ. ಬದುವಿನ ಮೇಲೆ ತಾನಾಗಿ ಒಣಗಿದ ಜಾಲಿಯ ಬೊಡ್ಡೆಯಿದ್ದು, ಅದರ ಪಕ್ಕದಲ್ಲಿ ನಾಲ್ಕು ವರ್ಷದ ಮಾವಿನ ಕಸಿ ಗಿಡಗಳಿವೆ. ಉಪ್ಪು ತುಂಬಿರಿ, ಆ್ಯಸಿಡ್ ಸುರಿಯಿರಿ, ಜೆಸಿಬಿ ತರಿಸಿರಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಉಳಿದ ಮರಗಳಿಗೆ ಹಾನಿಯಾಗದಂತೆ ಈ ಬೊಡ್ಡೆಗಳನ್ನು ತೆಗೆಯುವುದು ಹೇಗೆ?

ಉತ್ತರ: ನಿಮ್ಮ ಮೂರು ಬೊಡ್ಡೆಗಳಿಗೆ ಮಾಡಬೇಕಾದದ್ದು ಮೂರು ಬಗೆಯದು. ಸುಬಾಬುಲ್ ಬೊಡ್ಡೆಯನ್ನು ನೆಲದ ಒಳಗೆ ಒಂದಡಿಯ ಆಳದಲ್ಲಿ ಕೊಯ್ದು ತೆಗೆಯಬೇಕು, ಬೇವಿನ ಬೊಡ್ಡೆಯನ್ನು ಅಗೆಯದೆ ಬಿಡಬೇಕು, ಜಾಲಿಯ ಬೊಡ್ಡೆಯನ್ನು ಮೊದಲು ಚೆನ್ನಾಗಿ ನೋಡಿ ಆಮೇಲೆ ನಿರ್ಧರಿಸಬೇಕು. ಬೊಡ್ಡೆ ತೆಗೆಯುವುದು ಎಂದ ಕೂಡಲೇ ಬೇರುಸಹಿತ ಕಿತ್ತುಹಾಕುವುದು ಎಂದೇ ಹೆಚ್ಚಿನವರು ಭಾವಿಸುತ್ತಾರೆ. ಪಕ್ಕದ ಮರಗಳಿಗೆ ಆಗುವ ಹಾನಿಯ ಬಹುಪಾಲು ಈ ಭಾವನೆಯಿಂದಲೇ ಆಗುತ್ತದೆ. ಕಡಿದ ಮರದ ಬೇರುಗಳು ನೆಲದಲ್ಲಿ ಉಳಿದರೆ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ. ಅವು ನಿಧಾನವಾಗಿ ಕೊಳೆತು ಮಣ್ಣಿಗೆ ಸಾವಯವ ಅಂಶವನ್ನು ಸೇರಿಸುತ್ತವೆ, ನೀರು ಮತ್ತು ಗಾಳಿ ಆಳಕ್ಕೆ ಇಳಿಯಲು ದಾರಿಯನ್ನೂ ಬಿಟ್ಟುಹೋಗುತ್ತವೆ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮರ ಮತ್ತೆ ಚಿಗುರುವುದು ಎಲ್ಲಿಂದ?

ಸುಬಾಬುಲ್ ಚಿಗುರುವುದು ಬುಡದಿಂದ. ಕಾಂಡ ಮತ್ತು ಬೇರು ಕೂಡುವ ಉಬ್ಬಿದ ಭಾಗದಲ್ಲಿಯೂ ಅದರ ಮೇಲಿನ ತೊಗಟೆಯಲ್ಲಿಯೂ ಸುಪ್ತ ಮೊಗ್ಗುಗಳಿರುತ್ತವೆ. ಮರವನ್ನು ಕಡಿದಾಗ ಇವೇ ಎಚ್ಚೆತ್ತು ಒಂದರ ಜಾಗದಲ್ಲಿ ಹತ್ತು ಕೊಂಬೆಗಳನ್ನು ತಳ್ಳುತ್ತವೆ. ಮೇವಿಗಾಗಿ ಮತ್ತೆ ಮತ್ತೆ ಸವರಿದರೂ ಸಾಯದ ಗುಣವೇ ಈ ಮರವನ್ನು, ಊರೂರಲ್ಲಿ ಮೇವು ಸೌದೆಗಾಗಿ ಮರ ನೆಡಿಸಿದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ, ಅಷ್ಟು ಜನಪ್ರಿಯಗೊಳಿಸಿತು, ಈಗ ನಿಮಗೆ ಕಾಡುತ್ತಿರುವುದೂ ಅದೇ ಗುಣ. ಆದರೆ ಬುಡದಿಂದ ಬೇರ್ಪಟ್ಟು ಮಣ್ಣಿನಲ್ಲಿ ಉಳಿದ ಸುಬಾಬುಲ್ ಬೇರು ತಾನಾಗಿ ಹೊಸ ಗಿಡವಾಗುವುದು ತೀರ ವಿರಳ. ಬದುಗಳಲ್ಲಿ ಕಾಡುವ ಬಳ್ಳಾರಿ ಜಾಲಿಯ ಸ್ವಭಾವವೂ ಹೀಗೆಯೇ. ಅದನ್ನು ನೆಲಮಟ್ಟದಲ್ಲಿ ಕಡಿದರೆ ಪೊದೆಯಾಗುತ್ತದೆ, ಒಂದಡಿ ಕೆಳಗೆ ಬುಡದ ಗಂಟಿನ ಸಹಿತ ಕೊಯ್ದು ತೆಗೆದರೆ ಮುಗಿಯುತ್ತದೆ. ಅಂದರೆ ಇಂಥ ಮರಗಳಲ್ಲಿ ತೆಗೆಯಬೇಕಾದದ್ದು ಬುಡದ ಆ ಗಂಟನ್ನು ಮಾತ್ರ. ತಾಯಿಬೇರನ್ನು ಹಿಂಬಾಲಿಸಿ ಆಳಕ್ಕೆ ಅಗೆಯುವ ಅಗತ್ಯವೂ ಇಲ್ಲ, ಪಕ್ಕದ ಬೇರುಗಳನ್ನು ಬೇವಿನ ಕೆಳಗಿನವರೆಗೆ ಎಳೆದು ತೆಗೆಯುವ ಅಗತ್ಯವೂ ಇಲ್ಲ.

ಇನ್ನು ಬೇವಿನ ಬೇರುಗಳು ಎಲ್ಲಿವೆ ಎಂಬುದನ್ನು ನೋಡೋಣ. ಬೇವಿನ ತಾಯಿಬೇರು ಆಳಕ್ಕೆ ಹೋಗುತ್ತದೆ ಎಂಬುದು ನಿಜ. ಆದರೆ ಮರಕ್ಕೆ ನೀರು ಮತ್ತು ಪೋಷಕಾಂಶಗಳನ್ನು ಒದಗಿಸುವ ಸಣ್ಣ ಹೀರುಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಅಡಿಯ ಮಣ್ಣಿನಲ್ಲೇ ಹರಡಿಕೊಂಡಿರುತ್ತವೆ, ಮತ್ತು ಅವು ಕೊಂಬೆಗಳ ನೆರಳನ್ನು ದಾಟಿ ಬಹಳ ದೂರ ಹೋಗಿರುತ್ತವೆ. ಮರಗಳ ಆರೈಕೆಯಲ್ಲಿ ಒಂದು ಅಳತೆ ರೂಢಿಯಲ್ಲಿದೆ: ಎದೆಯೆತ್ತರದಲ್ಲಿ ಕಾಂಡದ ವ್ಯಾಸ ಎಷ್ಟೋ ಅದರ ಹನ್ನೆರಡು ಪಟ್ಟು ದೂರದವರೆಗಿನ ನೆಲವನ್ನು ಆ ಮರದ ರಕ್ಷಿತ ವಲಯವೆಂದು ಎಣಿಸಬೇಕು. ಹಗ್ಗದಿಂದ ಸುತ್ತಳತೆ ತೆಗೆಯುವ ನಮಗೆ ಇದನ್ನು ಹೀಗೆ ಹೇಳಿದರೆ ಸುಲಭ: ಸುತ್ತಳತೆಯ ಸುಮಾರು ನಾಲ್ಕು ಪಟ್ಟು. ನಿಮ್ಮ ಬೇವಿಗೆ ಅದು ಇಪ್ಪತ್ತು ಅಡಿಯಾಗುತ್ತದೆ. ಈ ವಲಯದಲ್ಲಿ ಯಂತ್ರ ಓಡಾಡಬಾರದು, ರಾಸಾಯನಿಕ ಚೆಲ್ಲಬಾರದು, ಅಗೆತ ಅನಿವಾರ್ಯವಾದರೆ ಕೈಯಿಂದಲೇ ಆಗಬೇಕು. ಇದರೊಳಗೆ ಇನ್ನೂ ಸಣ್ಣ ವಲಯವೊಂದಿದೆ. ವ್ಯಾಸದ ಮೂರು ಪಟ್ಟು, ಅಂದರೆ ಹೆಚ್ಚುಕಡಿಮೆ ಸುತ್ತಳತೆಯಷ್ಟೇ ದೂರದೊಳಗೆ ಮರವನ್ನು ಗಾಳಿಗೆ ನಿಲ್ಲಿಸುವ ದಪ್ಪ ಬೇರುಗಳಿರುತ್ತವೆ. ನಿಮ್ಮಲ್ಲಿ ಅದು ಐದು ಅಡಿ. ಅಲ್ಲಿ ಯಾವ ದಪ್ಪ ಬೇರನ್ನೂ ಕಡಿಯಕೂಡದು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗುಡುಗು ಮಳೆಯ ಮುಂದೆ ಬೀಸುವ ಬಿರುಗಾಳಿಗೆ ಉರುಳುವ ಮರಗಳಲ್ಲಿ, ಚರಂಡಿಗೋ ಪೈಪಿಗೋ ಕಾಂಪೌಂಡ್ ಗೋಡೆಗೋ ಒಂದು ಬದಿಯ ಬೇರು ಕಳೆದುಕೊಂಡ ಮರಗಳನ್ನು ಹುಡುಕಲು ಕಷ್ಟಪಡಬೇಕಾಗಿಲ್ಲ.

ಬೊಡ್ಡೆ ಬೇವಿನಿಂದ ಆರು ಅಡಿ ದೂರದಲ್ಲಿದೆ, ಮುಟ್ಟಬಾರದ ವಲಯ ಐದು ಅಡಿ. ಆದ್ದರಿಂದ ಬೇವಿನ ಕಡೆಗೆ ನಿಮಗೆ ಅಗೆಯಲು ಸಿಗುವುದು ಒಂದಡಿ ಮಾತ್ರ. ಇದು ಸಾಲುತ್ತದೆ.

ವಿಧಾನಕ್ಕೆ ಬರುವ ಮೊದಲು ನಿಮಗೆ ಬಂದಿರುವ ಸಲಹೆಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅವುಗಳಲ್ಲಿ ಒಂದು ನಿಮ್ಮ ಅಂಗಳವನ್ನು ಹಲವು ವರ್ಷಗಳ ಮಟ್ಟಿಗೆ ಕೆಡಿಸಬಲ್ಲದು. ಅದು ಉಪ್ಪು. ಬೊಡ್ಡೆಯಲ್ಲಿ ತೂತು ಕೊರೆದು ಉಪ್ಪು ತುಂಬಿದರೆ ಅದು ಬೊಡ್ಡೆಯಲ್ಲಿಯೇ ಉಳಿಯುವುದಿಲ್ಲ. ಮೊದಲ ಮಳೆಗೆ ಕರಗಿ ಮಣ್ಣಿಗೆ ಇಳಿಯುತ್ತದೆ. ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು, ಆ ಜೇಡಿಯ ಕಣಗಳನ್ನು ಹರಳುಹರಳಾಗಿ ಹಿಡಿದಿಡುವುದು ಸುಣ್ಣದ ಅಂಶವಾದ ಕ್ಯಾಲ್ಸಿಯಂ. ಉಪ್ಪಿನ ಸೋಡಿಯಂ ಆ ಕ್ಯಾಲ್ಸಿಯಂನ ಜಾಗವನ್ನು ಹಿಡಿದಾಗ ಕಣಗಳು ಚದುರಿ, ಮಣ್ಣು ಹಸಿಯಿದ್ದಾಗ ಅಂಟಾಗಿ, ಒಣಗಿದಾಗ ಕಲ್ಲಾಗಿ, ನೀರು ಇಂಗುವುದೇ ನಿಂತುಹೋಗುತ್ತದೆ. ಕಲಬುರಗಿ ಜಿಲ್ಲೆಯ ಎರೆ ಭೂಮಿ ಮೊದಲೇ ಕ್ಷಾರೀಯ. ರಸಸಾರ (ಪಿಎಚ್) ಎಂಟರ ಮೇಲಿರುವುದು ಸಾಮಾನ್ಯ. ಅಂಥ ಮಣ್ಣಿಗೆ ಸೋಡಿಯಂ ಸೇರಿಸುವುದು ಚೌಳು ಭೂಮಿಯನ್ನು ಕೈಯಾರೆ ತಯಾರಿಸಿದಂತೆ. ಸುಬಾಬುಲ್ ಸಾಯುತ್ತದೋ ಇಲ್ಲವೋ, ಆರು ಅಡಿ ದೂರದ ಬೇವಿನ ಹೀರುಬೇರುಗಳು ಆ ಉಪ್ಪುನೀರನ್ನು ಕುಡಿಯುವುದಂತೂ ಖಂಡಿತ.

ಆ್ಯಸಿಡ್ ಸುರಿಯುವುದರಿಂದ ಮೇಲಿನ ಕಟ್ಟಿಗೆ ಸುಟ್ಟು ಕಪ್ಪಾಗುತ್ತದೆ, ಕೆಳಗಿನ ಮೊಗ್ಗು ಉಳಿಯುತ್ತದೆ. ಮಣ್ಣಿಗೆ ಇಳಿದದ್ದನ್ನು ಎರೆ ಮಣ್ಣಿನಲ್ಲಿರುವ ಸುಣ್ಣದ ಹರಳುಗಳು ನೊರೆ ಬರಿಸಿ ತಟಸ್ಥಗೊಳಿಸುತ್ತವೆ. ಕೆಲಸ ಆಗುವುದಿಲ್ಲ, ಸುರಿಯುವವರ ಕೈ ಮತ್ತು ಕಣ್ಣಿಗೆ ಅಪಾಯ ಮಾತ್ರ ನಿಜ. ಡೀಸೆಲ್ ಮತ್ತು ಹಳೆಯ ಎಂಜಿನ್ ಆಯಿಲ್ ಮಣ್ಣಿನ ಜೀವಿಗಳನ್ನು ಕೊಂದು ಬಹುಕಾಲ ಅಲ್ಲೇ ಉಳಿಯುತ್ತವೆ. ಅಂಗಳದಲ್ಲಿ ಬಾವಿಯೋ ಕೊಳವೆಬಾವಿಯೋ ಇದ್ದರೆ ಇನ್ನೂ ಕೆಟ್ಟದ್ದು. ಬೊಡ್ಡೆಯ ಮೇಲೆ ಬೆಂಕಿ ಹಾಕುವುದು ನಮ್ಮ ಹಳ್ಳಿಗಳಲ್ಲಿ ಬೇಸಿಗೆಯ ರೂಢಿ. ತೊಗಟೆಯ ಕೆಳಗಿನ ಜೀವಂತ ಪದರ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಸಾಯುತ್ತದೆ, ಆದ್ದರಿಂದ ಆರು ಅಡಿ ದೂರದ ಬೇವಿನ ಕಾಂಡಕ್ಕೂ ತಗ್ಗಿದ ಕೊಂಬೆಗಳಿಗೂ ಬೆಂಕಿಯ ಝಳ ಸಾಕು. ಒಣ ಬೇರಿಗೆ ಹಿಡಿದ ಕೆಂಡ ನೆಲದೊಳಗೆ ಹೊಗೆಯಾಡುತ್ತ ದಿನಗಟ್ಟಲೆ ಸಾಗಿ, ಬಣವೆಯ ಬಳಿಯೋ ದನದ ಕೊಟ್ಟಿಗೆಯ ಬಳಿಯೋ ಹೊರಬರಬಹುದು.

ಜೆಸಿಬಿಯ ಮಾತು ಬೇರೆ. ಅದು ಕೆಟ್ಟ ಯಂತ್ರವಲ್ಲ, ಇಲ್ಲಿ ತಪ್ಪು ಜಾಗದಲ್ಲಿ ಬಳಕೆಯಾಗುವ ಯಂತ್ರ. ಏಳೆಂಟು ಟನ್ ತೂಕದ ಯಂತ್ರ ಹಸಿ ಎರೆ ಮಣ್ಣಿನ ಮೇಲೆ ಒಮ್ಮೆ ಓಡಾಡಿದರೂ ಮಣ್ಣು ಒತ್ತಿಕೊಂಡು ಬೇರಿಗೆ ಗಾಳಿ ಸಿಗದಂತಾಗುತ್ತದೆ. ಈ ಹಾನಿ ಕಣ್ಣಿಗೆ ಕಾಣುವುದಿಲ್ಲ, ಎರಡು ಮೂರು ವರ್ಷಗಳ ನಂತರ ಮರದ ತುದಿಕೊಂಬೆಗಳು ಒಣಗತೊಡಗಿದಾಗ ಕಾರಣ ಯಾರ ನೆನಪಿನಲ್ಲೂ ಇರುವುದಿಲ್ಲ. ಎರಡನೆಯದಾಗಿ, ಬಕೆಟ್ಟಿನ ಹಲ್ಲು ಬೊಡ್ಡೆಯನ್ನು ಎಬ್ಬಿಸುವಾಗ ಅದರೊಂದಿಗೆ ಹೆಣೆದುಕೊಂಡ ಬೇವಿನ ಬೇರುಗಳನ್ನೂ ಸೀಳಿ ಎಳೆಯುತ್ತದೆ. ಗರಗಸದಿಂದ ಕೊಯ್ದ ಬೇರು ಆ ತುದಿಯಿಂದ ಹೊಸ ಬೇರು ಬಿಡುತ್ತದೆ; ಸೀಳಿದ ಬೇರು ಮಾತ್ರ ಕಾಂಡದ ಕಡೆಗೆ ಬಹುದೂರ ಬಿರುಕುಬಿಟ್ಟು ಕೊಳೆರೋಗಕ್ಕೆ ಬಾಗಿಲು ತೆರೆಯುತ್ತದೆ. ಬೊಡ್ಡೆಯನ್ನು ಪುಡಿಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಅದು ಜೆಸಿಬಿಗಿಂತ ಎಷ್ಟೋ ಮೇಲು, ಏಕೆಂದರೆ ಅದು ಬೊಡ್ಡೆಯನ್ನು ಎಳೆಯುವುದಿಲ್ಲ, ಇದ್ದಲ್ಲಿಯೇ ಅರೆಯುತ್ತದೆ.

ಈಗ ನಿಮ್ಮ ಸುಬಾಬುಲ್ ಬೊಡ್ಡೆಗೆ ನಾನು ಸೂಚಿಸುವ ವಿಧಾನ. ದಸರಾ ಕಳೆದ ಮೇಲೆ, ಹಿಂಗಾರಿ ಜೋಳದ ಬಿತ್ತನೆ ಮುಗಿದ ಹೊತ್ತಿನಲ್ಲಿ ಕೆಲಸಕ್ಕೆ ಕೈ ಹಾಕಿರಿ. ಆಗ ಮುಂಗಾರಿನ ತೇವ ನೆಲದೊಳಗೆ ಇರುತ್ತದೆ, ಕೆಸರು ಇರುವುದಿಲ್ಲ, ಬಿಸಿಲು ತಗ್ಗಿರುತ್ತದೆ, ಬೇವಿಗೆ ಬೇಸಿಗೆಯ ಮೊದಲು ಚೇತರಿಸಿಕೊಳ್ಳಲು ನಾಲ್ಕು ತಿಂಗಳು ಸಿಗುತ್ತವೆ. ಬೇಸಿಗೆಯಲ್ಲಿ ಈ ಕೆಲಸ ಬೇಡವೇ ಬೇಡ. ಫೆಬ್ರುವರಿ ಮತ್ತು ಮಾರ್ಚಿನಲ್ಲಿ ಬೇವು ಎಲೆಯುದುರಿಸಿ ಹೊಸ ಚಿಗುರು ಮತ್ತು ಹೂ ಬಿಡುತ್ತದೆ. ಉಷ್ಣಾಂಶ 40 ಡಿಗ್ರಿ ದಾಟುವ ಹೊತ್ತಿಗೆ ಎರೆ ಭೂಮಿ ಬಿರುಕುಬಿಟ್ಟು ಸಣ್ಣ ಬೇರುಗಳನ್ನು ತಾನೇ ಹರಿಯುತ್ತಿರುತ್ತದೆ. ಅದರ ಮೇಲೆ ನಾವೂ ಬೇರು ಕಡಿದರೆ ಮರಕ್ಕೆ ತಡೆಯುವುದು ಕಷ್ಟ. ಮಣ್ಣಿನ ಹದವನ್ನು ಕೈಯಲ್ಲೇ ನೋಡಿಕೊಳ್ಳಬಹುದು: ಅರ್ಧ ಅಡಿ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ಬೆರಳಿನಿಂದ ಒತ್ತಿದರೆ ಒಡೆಯಬೇಕು, ಅಂಗೈಗೆ ಅಂಟಬಾರದು. ಹದ ಮೀರಿ ಒಣಗಿದ್ದರೆ ಹಿಂದಿನ ಎರಡು ದಿನ ಸಂಜೆ ಬೊಡ್ಡೆಯ ಸುತ್ತ ನೀರು ಇಂಗಿಸಿರಿ.

ಬೊಡ್ಡೆ ಎರಡು ಅಡಿ ಎತ್ತರವಿರುವುದು ಒಳ್ಳೆಯದೇ ಆಯಿತು. ಅದನ್ನು ಮೊದಲೇ ನೆಲಮಟ್ಟಕ್ಕೆ ಕೊಯ್ಯಬೇಡಿರಿ, ಕೊನೆಯಲ್ಲಿ ಅಲುಗಾಡಿಸಲು ಅದೇ ಹಿಡಿಕೆ. ಅಗೆತವನ್ನು ಬೇವಿನ ವಿರುದ್ಧ ದಿಕ್ಕಿನಿಂದ ಆರಂಭಿಸಿರಿ. ಆ ಬದಿಯಲ್ಲಿಯೂ ಎರಡು ಪಕ್ಕಗಳಲ್ಲಿಯೂ ಬೊಡ್ಡೆಯಿಂದ ಒಂದೂವರೆ ಅಡಿ ಅಗಲಕ್ಕೆ, ಒಂದರಿಂದ ಒಂದೂಕಾಲು ಅಡಿ ಆಳಕ್ಕೆ ತೆಗೆಯಿರಿ. ಬೇವಿನ ಕಡೆಗೆ ಮೇಲೆ ಹೇಳಿದ ಒಂದಡಿಯನ್ನು ಮೀರಬೇಡಿರಿ, ಅಲ್ಲಿ ಗುದ್ದಲಿಯನ್ನು ಬದಿಗಿಟ್ಟು ಕುರ್ಪಿ ಮತ್ತು ಕೈಯಿಂದ ಮಣ್ಣು ಬಿಡಿಸಿರಿ. ಸಿಗುವ ಪ್ರತಿಯೊಂದು ಬೇರೂ ಯಾವ ಮರದ್ದು ಎಂದು ತಿಳಿದ ಮೇಲೆಯೇ ಕೊಯ್ಯಬೇಕು. ಬೇರನ್ನು ಅದರ ಬುಡದ ಕಡೆಗೆ ಹಿಂಬಾಲಿಸಿ ನೋಡುವುದೇ ನಂಬಬಹುದಾದ ದಾರಿ: ಬೊಡ್ಡೆಯಿಂದ ಹೊರಟದ್ದಾದರೆ ಸುಬಾಬುಲ್, ಬೊಡ್ಡೆಯ ಪಕ್ಕದಿಂದ ಹಾದುಹೋದದ್ದಾದರೆ ಬೇವು. ಸಂಶಯವಿದ್ದರೆ ತೊಗಟೆಯ ಚೂರನ್ನು ಉಗುರಿನಿಂದ ಕೆರೆದು ನಾಲಿಗೆಗೆ ತಾಗಿಸಿರಿ. ಬೇವಿನ ಕಹಿ ಬಚ್ಚಿಟ್ಟುಕೊಳ್ಳುವಂಥದ್ದಲ್ಲ. ಸುಬಾಬುಲ್ ಬೇರುಗಳನ್ನು ಬೊಡ್ಡೆಗೆ ಹತ್ತಿರದಲ್ಲಿಯೇ ಗರಗಸದಿಂದ ಕೊಯ್ದು, ಆಚೆಯ ತುಂಡನ್ನು ಎಳೆಯದೆ ಅಲ್ಲಿಯೇ ಬಿಟ್ಟುಬಿಡಿರಿ. ಬೇವಿನ ಬೇರು ಹೆಬ್ಬೆರಳಿಗಿಂತ, ಅಂದರೆ ಎರಡೂವರೆ ಸೆಂಟಿಮೀಟರಿಗಿಂತ ದಪ್ಪವಿದ್ದರೆ ಅದನ್ನು ಮುಟ್ಟದೆ ಅದರ ಕೆಳಗಿನಿಂದಲೋ ಪಕ್ಕದಿಂದಲೋ ಕೆಲಸ ಮಾಡಿರಿ. ಅದಕ್ಕಿಂತ ಸಣ್ಣದು ಅಡ್ಡ ಬಂದರೆ ಹರಿತವಾದ ಸಿಕೇಚರಿನಿಂದ, ಅಂದರೆ ಗಿಡ ಸವರುವ ಕತ್ತರಿಯಿಂದ, ಒಂದೇ ಸಲಕ್ಕೆ ನೇರವಾಗಿ ಕತ್ತರಿಸಿರಿ. ಕೊಯ್ದ ಬಾಯಿಗೆ ಸೆಗಣಿ, ಬಣ್ಣ, ಡಾಂಬರು ಏನನ್ನೂ ಹಚ್ಚಬೇಡಿರಿ. ತೇವದ ಮಣ್ಣೇ ಅದಕ್ಕೆ ಸಾಕು. ಊಟಕ್ಕೆ ಕೆಲಸ ನಿಲ್ಲಿಸಿದರೂ ತೆರೆದ ಬೇರುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿರಬೇಕು, ಏಕೆಂದರೆ ಬಿಸಿಲಿಗೆ ತೆರೆದ ಹೀರುಬೇರು ಬಹುಬೇಗ ಒಣಗಿಹೋಗುತ್ತದೆ.

ಸುತ್ತಲಿನ ಬೇರುಗಳು ಬಿಟ್ಟ ಮೇಲೆ ಬೊಡ್ಡೆಯನ್ನು ಹಿಂದೆ ಮುಂದೆ ಅಲುಗಾಡಿಸಿ, ಒಂದಡಿ ಕೆಳಗೆ ತಾಯಿಬೇರನ್ನು ಅಡ್ಡಕ್ಕೆ ಕೊಯ್ಯಿರಿ. ಬೊಡ್ಡೆಯನ್ನು ಎತ್ತಲು ಚೈನ್ ಪುಲ್ಲಿ ಬಳಸುವುದಾದರೆ ಅದರ ಇನ್ನೊಂದು ತುದಿಯನ್ನು ಬೇವಿಗೆ ಕಟ್ಟಬಾರದು. ಹತ್ತಿರದಲ್ಲಿ ಗಟ್ಟಿಯಾಗಿ ನಿಂತಿರುವುದು ಅದೊಂದೇ ಎಂದು ಕೆಲಸದವರು ಅದಕ್ಕೇ ಸರಪಳಿ ಸುತ್ತುತ್ತಾರೆ, ಸರಪಳಿ ಬಿಗಿದ ಕಡೆ ತೊಗಟೆ ಜಜ್ಜಿ ಒಳಗಿನ ಜೀವಪದರ ಸಾಯುತ್ತದೆ. ಕೆಲಸ ಆರಂಭಿಸುವ ಮುನ್ನವೇ ಇದನ್ನು ಅವರಿಗೆ ಹೇಳಿಬಿಡಿರಿ.

ತಗ್ಗನ್ನು ಅಂದೇ ಮುಚ್ಚಬೇಕು, ಮತ್ತು ಅಲ್ಲಿಂದ ತೆಗೆದ ಎರೆ ಮಣ್ಣಿನಿಂದಲೇ ಮುಚ್ಚಬೇಕು. ಗರಸನ್ನೋ ಮರಳನ್ನೋ ತಂದು ತುಂಬುವುದು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ನೀರು ಇಂಗದ ಎರೆ ನೆಲದ ನಡುವೆ ಗರಸಿನ ಗುಂಡಿ ಎಂದರೆ ಮಳೆನೀರು ಬಂದು ನಿಲ್ಲುವ ಹೊಂಡ. ಅದರ ಅಂಚಿನ ಬೇವಿನ ಬೇರುಗಳು ಉಸಿರುಗಟ್ಟುತ್ತವೆ, ಮನೆಯ ಬುನಾದಿ ಹತ್ತಿರವಿದ್ದರೆ ಅಲ್ಲಿಯ ಜೇಡಿ ಉಬ್ಬಿ ಗೋಡೆ ಬಿರಿಯುವ ಸಾಧ್ಯತೆಯೂ ಇದೆ. ಅರ್ಧ ಅಡಿಗೊಮ್ಮೆ ಮಣ್ಣು ಹಾಕಿ ಕಾಲಿನಿಂದ ಮೆಲ್ಲಗೆ ಒತ್ತುತ್ತ, ಮೇಲೆ ನಾಲ್ಕು ಬೆರಳು ಉಬ್ಬಾಗಿ ಬಿಡಿರಿ, ಅದು ಮುಂದಿನ ಮಳೆಗೆ ಕುಸಿದು ಸಮವಾಗುತ್ತದೆ. ಉಳಿದ ಮಣ್ಣನ್ನು ಬೇವಿನ ಬುಡಕ್ಕೆ ಏರಿಸಬೇಡಿರಿ. ಮರದ ಸುತ್ತ ಕಟ್ಟೆ ಕಟ್ಟಿ ಮಣ್ಣು ತುಂಬುವ ಆಸೆ ಅನೇಕರಿಗೆ ಇರುತ್ತದೆ. ಕಾಂಡದ ತೊಗಟೆ ಸದಾ ತೇವದ ಮಣ್ಣಿನಲ್ಲಿ ಹೂತಿದ್ದರೆ ಕೊಳೆಯುತ್ತದೆ.

ಔಷಧಿಯಿಂದ ಕೊಲ್ಲಬಹುದಲ್ಲವೇ ಎಂದು ನೀವು ಕೇಳಿಲ್ಲ, ಆದರೆ ಅಂಗಡಿಯವರು ಖಂಡಿತ ಸೂಚಿಸುತ್ತಾರೆ. ಕಳೆನಾಶಕ ಗ್ಲೈಫೋಸೇಟನ್ನು ಹೊಸದಾಗಿ ಕೊಯ್ದ ಬೊಡ್ಡೆಯ ಅಂಚಿನ ಉಂಗುರಕ್ಕೆ, ಅಂದರೆ ತೊಗಟೆಯ ಒಳಬದಿಯ ಹಸಿ ಪದರಕ್ಕೆ, ಕೊಯ್ದ ಕೆಲವೇ ನಿಮಿಷಗಳಲ್ಲಿ ಬ್ರಶ್ಶಿನಿಂದ ಹಚ್ಚಿದರೆ ಅದು ಬೇರಿಗೆ ಇಳಿದು ಬುಡವನ್ನು ಕೊಲ್ಲುತ್ತದೆ. ಹೋದ ವರ್ಷ ಕೊಯ್ದು ಒಣಗಿದ ಮುಖಕ್ಕೆ ಹಚ್ಚಿದರೆ ಏನೂ ಆಗುವುದಿಲ್ಲ. ಈ ರಾಸಾಯನಿಕ ಜೇಡಿಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಮಣ್ಣಿನ ಮೂಲಕ ಬೇವಿಗೆ ಹೋಗುವ ಅಪಾಯ ಕಡಿಮೆ, ಸುಬಾಬುಲ್ ಮತ್ತು ಬೇವು ಬೇರೆ ಬೇರೆ ಕುಲದ ಮರಗಳಾದ್ದರಿಂದ ಅವುಗಳ ಬೇರುಗಳು ಬೆಸೆದುಕೊಳ್ಳುವುದೂ ಇಲ್ಲ. ಹಾಗಿದ್ದರೂ ಇದು ನನ್ನ ಕೊನೆಯ ಆಯ್ಕೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯು ಗ್ಲೈಫೋಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ನಿರ್ಬಂಧಿಸಿದೆ. ನೀವಾಗಿಯೇ ತಂದು ಹಚ್ಚುವಂಥದ್ದಲ್ಲ. ಚಿಗುರಿನ ಮೇಲೆ ಸಿಂಪಡಿಸುವುದಂತೂ ಬೇಡ, ತುಂತುರು ಬೇವಿನ ಎಲೆಗೂ ಹಸಿರು ತೊಗಟೆಗೂ ತಾಗುತ್ತದೆ. 2,4-ಡಿ ಎಂಬ ಇನ್ನೊಂದು ಕಳೆನಾಶಕದ ಕೆಲವು ರೂಪಗಳು ಬಿಸಿಲಿಗೆ ಆವಿಯಾಗಿ ಗಾಳಿಯಲ್ಲಿ ತೇಲುತ್ತವೆ. ಸುತ್ತಲೂ ತೊಗರಿ ಮತ್ತು ಹತ್ತಿ ನಿಂತಿರುವ ನಮ್ಮ ಸೀಮೆಯಲ್ಲಿ, ಅದರಲ್ಲೂ ಅದನ್ನು ತೀರ ಸಹಿಸದ ಹತ್ತಿಯ ಹೊಲಗಳಿರುವ ಕಡೆ, ಅದರಿಂದ ನೆರೆಯವರ ಬೆಳೆಯೇ ಮುರುಟಿಹೋಗಬಹುದು.

ಅಗೆಯುವುದೂ ಬೇಡ, ಔಷಧಿಯೂ ಬೇಡ ಎನ್ನುವವರಿಗೆ ಒಂದು ದಾರಿಯಿದೆ. ಅದಕ್ಕೆ ಬೇಕಾದದ್ದು ಶಿಸ್ತು. ಬೊಡ್ಡೆ ಬದುಕಿರುವುದು ಬೇರಿನಲ್ಲಿ ಕೂಡಿಟ್ಟ ಪಿಷ್ಟದಿಂದ. ಪ್ರತಿ ಚಿಗುರೂ ಆ ಸಂಗ್ರಹವನ್ನು ಖರ್ಚು ಮಾಡಿ ಹೊರಡುತ್ತದೆ, ಎಲೆ ಬಲಿತ ಮೇಲೆ ಮರಳಿ ತುಂಬಿಸುತ್ತದೆ. ಚಿಗುರು ಒಂದು ಗೇಣು ಆಗುವ ಮೊದಲೇ ಬುಡಸಮೇತ ಮುರಿದು ತೆಗೆಯುತ್ತ ಹೋದರೆ ತುಂಬಿಸಿಕೊಳ್ಳುವ ಅವಕಾಶವೇ ಸಿಗದೆ ಬೊಡ್ಡೆ ಒಂದೆರಡು ವರ್ಷಗಳಲ್ಲಿ ಸೋಲುತ್ತದೆ. ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ತಪ್ಪದೆ ಮುರಿಯಬೇಕು. ಒಂದು ತಿಂಗಳು ಮರೆತರೆ ಹಿಂದಿನ ಶ್ರಮವೆಲ್ಲ ಹೋಯಿತು. ಮುರಿದ ಸೊಪ್ಪನ್ನು ಆಡುಗಳಿಗೆ ಬೇರೆ ಮೇವಿನೊಂದಿಗೆ ಬೆರೆಸಿ ಹಾಕಬಹುದು. ಅದರಲ್ಲಿ ಮಿಮೋಸಿನ್ ಎಂಬ ವಿಷಾಂಶವಿರುವುದರಿಂದ ಅದನ್ನೇ ಪೂರ್ತಿ ಮೇವಾಗಿ ಕೊಡಬಾರದು, ಕುದುರೆಗೆ ಕೊಡಲೇಬಾರದು. ಬೊಡ್ಡೆ ಸತ್ತ ಮೇಲೆ ಅದರಲ್ಲಿ ಒಂದಂಗುಲ ದಪ್ಪದ ತೂತುಗಳನ್ನು ಕೊರೆದು ಸೆಗಣಿಯ ರಾಡಿ ತುಂಬಿ, ಮಣ್ಣು ಮುಚ್ಚಿ ತೇವವಾಗಿಟ್ಟರೆ ಬೇಗ ಕೊಳೆಯುತ್ತದೆ. ಒಂದು ಹಿಡಿ ಯೂರಿಯಾ ಬೆರೆಸಬಹುದು, ಅದಕ್ಕಿಂತ ಹೆಚ್ಚು ಬೇಡ. ಜೀವಂತ ಬೊಡ್ಡೆಗೆ ಇದನ್ನೆಲ್ಲ ಮಾಡಿದರೆ ಅದಕ್ಕೆ ಗೊಬ್ಬರ ಕೊಟ್ಟಂತಾಗುತ್ತದೆ.

ಬೇವಿನ ಬೊಡ್ಡೆಯ ವಿಷಯದಲ್ಲಿ ನನ್ನ ಸಲಹೆ ಗಟ್ಟಿಯಾದದ್ದು: ಅದಕ್ಕೆ ಯಾವ ಕಳೆನಾಶಕವನ್ನೂ ಮುಟ್ಟಿಸಬೇಡಿರಿ. ಒಂದೇ ಜಾತಿಯ ಮರಗಳು ಹತ್ತಿರ ಹತ್ತಿರ ನಿಂತಿದ್ದಾಗ ಅವುಗಳ ಬೇರುಗಳು ನೆಲದೊಳಗೆ ಉಜ್ಜಿ ಬೆಸೆದು ಒಂದಾಗುವುದುಂಟು. ಇದಲ್ಲದೆ ಬೇವು ಬೇರಿನಿಂದಲೂ ಮರಿ ಹಾಕುತ್ತದೆ, ಆದ್ದರಿಂದ ಹತ್ತು ಅಡಿ ದೂರದಲ್ಲಿ ನಿಂತಿರುವ ಮರ ಈ ಬೊಡ್ಡೆಯ ಬೇರಿನಿಂದಲೇ ಎದ್ದದ್ದೂ ಆಗಿರಬಹುದು. ಎರಡರಲ್ಲಿ ಯಾವುದಾದರೂ ಸರಿ, ಬೊಡ್ಡೆಗೆ ಹಚ್ಚಿದ ವಿಷ ನಿಂತಿರುವ ಮರಕ್ಕೆ ನೇರವಾಗಿ ಹರಿಯುತ್ತದೆ. ಅಗೆಯುವುದೂ ಇಲ್ಲಿ ಉಪಯೋಗವಿಲ್ಲ, ಗಾಯಗೊಂಡ ಬೇವಿನ ಬೇರು ಇನ್ನಷ್ಟು ಮರಿಗಳನ್ನು ಎಬ್ಬಿಸುತ್ತದೆ. ಬೊಡ್ಡೆಯನ್ನು ನೆಲಕ್ಕೆ ಸಮವಾಗಿ ಕೊಯ್ಸಿ, ಮೇಲೆ ನಾಲ್ಕು ಬೆರಳು ಮಣ್ಣು ಹರಡಿ, ಏಳುವ ಚಿಗುರುಗಳನ್ನು ಮುರಿಯುತ್ತಿರಿ. ದಾರಿಗೆ ಅದರಿಂದ ಅಡ್ಡಿಯಾಗುವುದಿಲ್ಲ. ನಮ್ಮ ಊರುಗಳ ಅರಳಿ ಮತ್ತು ಬೇವು ಜೋಡಿಯಾಗಿರುವ ಕಟ್ಟೆಗಳಲ್ಲಿ ಒಂದು ಮರ ಸತ್ತು ಬೊಡ್ಡೆ ಉಳಿದಾಗಲೂ ಇದೇ ಸರಿಯಾದ ಕ್ರಮ. ಆ ಬೇರುಗಳನ್ನು ಬಿಡಿಸಲು ಹೋದರೆ ಉಳಿದ ಮರವೂ ಹೋಗುತ್ತದೆ.

ಬದುವಿನ ಜಾಲಿ ಒಣಗಿ ಸತ್ತದ್ದು ಏಕೆ ಎಂಬುದೇ ಅಲ್ಲಿಯ ಪ್ರಶ್ನೆ. ಮಳೆಗಾಲದಲ್ಲಿ ಅದರ ಬುಡವನ್ನು ನೋಡಿರಿ. ಕೆಂಪು ಕಂದು ಬಣ್ಣದ, ಎಣ್ಣೆ ಹಚ್ಚಿದಂತೆ ಹೊಳೆಯುವ, ಬಿಳಿ ಅಂಚಿನ ಗಟ್ಟಿ ಅಣಬೆ ಬುಡದಿಂದ ಹೊರಚಾಚಿದ್ದರೆ ಅದು ಗ್ಯಾನೋಡರ್ಮಾ ಬೇರುಕೊಳೆ ಶಿಲೀಂಧ್ರ. ಇದು ಹಲವು ಜಾತಿಯ ಮರಗಳಿಗೆ ತಗಲುತ್ತದೆ, ಸತ್ತ ಬೊಡ್ಡೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಬೇರಿನಿಂದ ಬೇರಿಗೆ ದಾಟುತ್ತದೆ. ಬೊಡ್ಡೆಯನ್ನೂ ದಪ್ಪ ಬೇರುಗಳನ್ನೂ ತೆಗೆಯಲೇಬೇಕಾದ ಸಂದರ್ಭ ಇದೊಂದೇ. ಮೊದಲು ಬೊಡ್ಡೆಗೂ ಮಾವಿಗೂ ನಡುವೆ, ಬೊಡ್ಡೆಗೆ ಹತ್ತಿರವಾಗಿ, ಎರಡು ಅಡಿ ಆಳದ ಕಾಲುವೆ ತೋಡಿ ಬೇರಿನ ಸಂಪರ್ಕ ಕಡಿಯಿರಿ, ಆಮೇಲೆ ಬೊಡ್ಡೆ ತೆಗೆದು ಆ ಕಟ್ಟಿಗೆಯನ್ನು ತೋಟದಿಂದ ದೂರ ಒಯ್ದು ಸುಡಿರಿ. ಬಳಸಿದ ಸಲಿಕೆ ಮತ್ತು ಗರಗಸಗಳನ್ನು ತೊಳೆಯದೆ ಮಾವಿನ ಬುಡಕ್ಕೆ ತರಬೇಡಿರಿ. ಸಂಶಯವಿದ್ದರೆ ಅಣಬೆಯ ತುಂಡನ್ನು ಕಾಗದದಲ್ಲಿ ಸುತ್ತಿ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು. ಅಣಬೆ ಇಲ್ಲದಿದ್ದರೆ ಅದನ್ನು ಅಲ್ಲಿಯೇ ಬಿಡಿರಿ. ಜಾಲಿಯ ಕಟ್ಟಿಗೆ ಗಟ್ಟಿ, ಬೇಗ ಕರಗುವುದಿಲ್ಲ, ಆದರೆ ಬದುವಿನ ಮಣ್ಣನ್ನು ಅದರ ಬೇರುಗಳು ಇನ್ನೂ ಹಿಡಿದಿವೆ. ಗೆದ್ದಲು ಬಂದರೆ ಭಯವಿಲ್ಲ, ಬದು ಮನೆಯಿಂದ ದೂರವಿದೆ. ಮಾವಿನ ಕಾಂಡದ ಮೇಲೆ ಗೆದ್ದಲಿನ ಮಣ್ಣಿನ ಪದರ ಕಂಡರೆ ಮಾತ್ರ ಕೆರೆದು ತೆಗೆಯಿರಿ.

ಇದನ್ನು ಓದುವ ಬೇರೆ ಕಡೆಯವರಿಗೆ ಎರಡು ಮಾತು. ಬೀದರ್ ಸುತ್ತಲಿನ ಜಂಬಿಟ್ಟಿಗೆ ನೆಲದಲ್ಲಿ ಗಟ್ಟಿ ಪದರ ಮೇಲೆಯೇ ಸಿಗುವುದರಿಂದ ಎಲ್ಲ ಮರಗಳ ಬೇರುಗಳೂ ಮೇಲ್ಪದರದಲ್ಲಿಯೇ ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಅಲ್ಲಿ ಅಗೆಯುವುದಕ್ಕಿಂತ ಚಿಗುರು ಮುರಿಯುವ ವಿಧಾನ ಮೇಲು. ಯಾದಗಿರಿ ಕಡೆಯ ಮಸಾರಿ ಭೂಮಿಯಲ್ಲಿ ಅಗೆತ ಸುಲಭ, ಆದರೆ ಮಣ್ಣು ಬೇಗ ಒಣಗುವುದರಿಂದ ತೆರೆದ ಬೇರುಗಳನ್ನು ಮುಚ್ಚುವಲ್ಲಿ ಇನ್ನೂ ಅವಸರ ಬೇಕು. ಈಚೆಗೆ ಹಲವರು ಶ್ರೀಗಂಧ ಬೆಳೆಸುತ್ತಿದ್ದಾರೆ. ಶ್ರೀಗಂಧವು ಪಕ್ಕದ ಮರಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ ಆಹಾರ ಪಡೆಯುವ ಅರೆಪರಾವಲಂಬಿ ಮರ, ಆದ್ದರಿಂದ ಅದರ ಹತ್ತಿರದ ಯಾವ ಜಾತಿಯ ಬೊಡ್ಡೆಗೂ ವಿಷ ಹಚ್ಚಕೂಡದು. ಇನ್ನು ಮುಂದೆ ಜೀವಂತ ಮರ ಕಡಿಯುವ ಪ್ರಸಂಗ ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಎಂಬುದನ್ನು ನೀವು ಬೇವಿಗೆ ಮಾಡಿದಂತೆ ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕೆಲಸ ಮುಗಿದ ಮೇಲಿನ ಮೊದಲ ಬೇಸಿಗೆಯಲ್ಲಿ ಅಂಗಳದ ಬೇವಿಗೆ ಹತ್ತು ಹದಿನೈದು ದಿನಕ್ಕೊಮ್ಮೆ ಸಂಜೆ ನೀರು ಕೊಡಿರಿ. ಕಾಂಡದ ಬುಡಕ್ಕಲ್ಲ, ಕೊಂಬೆಗಳ ನೆರಳಿನ ಅಂಚಿನಲ್ಲಿ, ನಿಧಾನವಾಗಿ ಇಂಗುವಂತೆ. ತೊಗರಿ ಹೊಟ್ಟು ನಿಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ. ಅದನ್ನು ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹರಡಿದರೆ ತೇವ ಉಳಿದು ಬಿರುಕು ಕಡಿಮೆಯಾಗುತ್ತದೆ. ಕಾಂಡದಿಂದ ಅರ್ಧ ಅಡಿ ಜಾಗ ಬಿಟ್ಟಿರಬೇಕು. ಆ ವರ್ಷ ಹಸಿರು ಕೊಂಬೆಗಳನ್ನು ಸವರಬೇಡಿರಿ, ಕಳೆದುಕೊಂಡ ಬೇರನ್ನು ಮತ್ತೆ ಬೆಳೆಸಲು ಮರಕ್ಕೆ ಎಲೆಗಳೇ ಬೇಕು. ಎರಡು ವರ್ಷ ತುದಿಕೊಂಬೆಗಳ ಮೇಲೆ ಕಣ್ಣಿಟ್ಟಿರಿ: ಬೊಡ್ಡೆಯಿದ್ದ ಬದಿಯ ಕೊಂಬೆಗಳಲ್ಲಿ ಎಲೆ ಸಣ್ಣದಾಗಿ ವಿರಳವಾದರೆ ನೀರು ಹೆಚ್ಚಿಸಿರಿ. ಕಾಂಡ ವಾಲಿದಂತೆ ಅಥವಾ ಬುಡದ ಮಣ್ಣು ಒಂದು ಬದಿಯಲ್ಲಿ ಎದ್ದಂತೆ ಕಂಡರೆ ಮಾತ್ರ ತಡಮಾಡದೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಸುಬಾಬುಲ್‌ನ ಗಟ್ಟಿಸಿಪ್ಪೆಯ ಬೀಜಗಳು ಹಲವು ವರ್ಷ ಮಣ್ಣಿನಲ್ಲಿ ಸಾಯದೆ ಉಳಿಯುತ್ತವೆ, ಹಾಗಾಗಿ ಪ್ರತಿ ಮುಂಗಾರಿನಲ್ಲಿ ಬೇವಿನ ಕೆಳಗೆ ಸಸಿಗಳು ಏಳುತ್ತವೆ. ನೆಲ ಹಸಿಯಿರುವಾಗ, ಅವು ಗೇಣುದ್ದ ಇರುವಾಗಲೇ ಕೈಯಿಂದ ಕಿತ್ತರೆ ಬೇರುಸಹಿತ ಬರುತ್ತವೆ.